ಈ ಲೇಖನ ಯಾರಿಗೆ ಬರೆದದ್ದು? ಜರ್ನಲ್ ಲೇಖನದ ವಿಶ್ಲೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುವ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಒಂದೇ ಕೆಲಸ ಕೊಡುತ್ತೇನೆ. ನಿಮ್ಮ ವಿಷಯದ ಒಂದು ಜರ್ನಲ್ ಲೇಖನ ಆರಿಸಿ. ಅದು ಯಾರಿಗಾಗಿ ಬರೆದದ್ದು, ಏನು ಸಾಧಿಸಲು ಬರೆದದ್ದು, ಬರವಣಿಗೆ ಆ ಕೆಲಸ ಮಾಡಿದೆಯೇ ಎಂದು ಮೂರು ಪುಟಗಳಲ್ಲಿ ಹೇಳಿ. ಕೆಲಸ ಕೊಟ್ಟ ಮರುದಿನದಿಂದ ಪ್ರಶ್ನೆಗಳು ಶುರುವಾಗುತ್ತವೆ. ತರಗತಿಯಲ್ಲಿ ಕೇಳುವವರು ಕಡಿಮೆ, ಬಸ್ ನಿಲ್ದಾಣದಲ್ಲಿ ಹಿಡಿದು ನಿಲ್ಲಿಸುವವರು ಹೆಚ್ಚು. ಜಮಖಂಡಿ, ಬೈಲಹೊಂಗಲದ ಕಡೆಯಿಂದ ಪತ್ರ ಬರೆದವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವ ಮುನ್ನ

ಅಕ್ಕಾವರೇ, ಲೇಖನದಲ್ಲಿ ಏನಿದೆ ಎಂದು ಪೂರ್ತಿ ಬರೆದಿದ್ದೇನೆ. "ಇದು ವಿಶ್ಲೇಷಣೆ ಅಲ್ಲ" ಎಂದು ವಾಪಸ್ ಕೊಟ್ಟಿರಲ್ಲ, ಇನ್ನೇನು ಬರೆಯಬೇಕು?

ನೀವು ಬರೆದದ್ದು ಸಾರಾಂಶ. ಲೇಖನ ಏನು *ಹೇಳುತ್ತದೆ* ಎಂಬುದು ಸಾರಾಂಶ. ಲೇಖನ ಏನು *ಮಾಡುತ್ತದೆ*, ಹೇಗೆ ಮಾಡುತ್ತದೆ ಎಂಬುದು ವಿಶ್ಲೇಷಣೆ. ಮದುವೆಗೆ ಹೋಗಿ ಬಂದವರು ಊಟಕ್ಕೆ ಏನೇನು ಇತ್ತು ಎಂದು ಪಟ್ಟಿ ಹೇಳುವುದು ಬೇರೆ, ಬೀಗರನ್ನು ಮೆಚ್ಚಿಸಲು ಅಡುಗೆಯವರು ಯಾವುದಕ್ಕೆ ಕೈ ಬಿಚ್ಚಿ ಖರ್ಚು ಮಾಡಿದ್ದರು, ಯಾವುದರಲ್ಲಿ ಕೈ ಹಿಡಿದಿದ್ದರು ಎಂದು ಹೇಳುವುದು ಬೇರೆ.

ಒಂದು ಸಣ್ಣ ಪರೀಕ್ಷೆ ಇದೆ. ನಿಮ್ಮ ವಾಕ್ಯಗಳ ಕರ್ತೃ ಯಾರು ಎಂದು ನೋಡಿ. "ಮಣ್ಣಿನಲ್ಲಿ ಸತುವಿನ ಕೊರತೆ ಇದೆ" ಎಂಬಂಥ ವಾಕ್ಯಗಳೇ ತುಂಬಿದ್ದರೆ ನೀವು ಮಣ್ಣಿನ ಬಗ್ಗೆ ಬರೆದಿದ್ದೀರಿ. "ಸತುವಿನ ಕೊರತೆಯನ್ನು ಲೇಖಕರು ಮೊದಲ ವಾಕ್ಯದಲ್ಲೇ ತರುತ್ತಾರೆ, ಏಕೆಂದರೆ…" ಎಂದು ಬರೆದರೆ ಲೇಖನದ ಬಗ್ಗೆ ಬರೆದಂತೆ. ಸಾರಾಂಶ ಬೇಡವೆಂದಲ್ಲ, ನಾಲ್ಕು ಸಾಲು ಇರಲಿ. ಅದಕ್ಕಿಂತ ಹೆಚ್ಚಿದ್ದರೆ ನಾನು ಓದುವುದಿಲ್ಲ, ಹಾರಿಸುತ್ತೇನೆ.

ಜರ್ನಲ್ ಲೇಖನಕ್ಕೂ ದಿನಪತ್ರಿಕೆಯ ಲೇಖನಕ್ಕೂ ಏನು ವ್ಯತ್ಯಾಸ?

ಅದೇ ವಿಷಯ ಬಲ್ಲ ಇತರರು ಅಚ್ಚಿಗೆ ಮೊದಲು ಓದಿ, ಒಪ್ಪಿ, ತಿದ್ದಿಸಿ ಬಿಡುವುದು ಜರ್ನಲ್ ಲೇಖನ. ಆದ್ದರಿಂದ ಅದಕ್ಕೆ ಯಾವಾಗಲೂ ಇಬ್ಬರು ಓದುಗರಿರುತ್ತಾರೆ: ಪತ್ರಿಕೆಯನ್ನು ತೆರೆದು ಓದುವವನು ಒಬ್ಬ, ಅದಕ್ಕೂ ಮೊದಲು ಕೆಂಪು ಶಾಯಿ ಹಿಡಿದು ಕೂತ ಪರಿಶೀಲಕ ಇನ್ನೊಬ್ಬ. ಲೇಖನದ ನಡುವೆ ಒಮ್ಮೆಲೇ "ಈ ಮಿತಿಯನ್ನು ನಾವು ಬಲ್ಲೆವು" ಎಂಬಂಥ ವಾಕ್ಯ ಎದುರಾದರೆ, ಅದು ಎರಡನೆಯವನಿಗೆ ಕೊಟ್ಟ ಉತ್ತರ ಆಗಿರುವ ಸಾಧ್ಯತೆಯೇ ಹೆಚ್ಚು.

ನನ್ನ ಇಂಗ್ಲಿಷ್ ನಿಧಾನ. ಹನ್ನೆರಡು ಪುಟವನ್ನು ಎಲ್ಲಿಂದ ಹಿಡಿದು ಓದಲಿ?

ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಡಿ; ವೃತ್ತಿ ಸಂಶೋಧಕರೂ ಹಾಗೆ ಓದುವುದಿಲ್ಲ. ವಿಜ್ಞಾನದ ಲೇಖನಗಳು ಹೆಚ್ಚಾಗಿ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಕೋಣೆಗಳ ಮನೆಗಳು. ಮೊದಲು ಶೀರ್ಷಿಕೆ ಮತ್ತು ಅಬ್‌ಸ್ಟ್ರಾಕ್ಟ್, ಅಂದರೆ ಲೇಖನದ ತಲೆಯಲ್ಲಿ ಕೊಡುವ ಸಂಕ್ಷಿಪ್ತ ಸಾರ. ನಂತರ ನೇರವಾಗಿ ಪೀಠಿಕೆಯ ಕೊನೆಯ ಪ್ಯಾರಾ, ಏಕೆಂದರೆ ಉದ್ದೇಶವನ್ನು ಸಾಮಾನ್ಯವಾಗಿ ಅಲ್ಲಿಯೇ ಹೇಳಿರುತ್ತಾರೆ. ಆಮೇಲೆ ಕೋಷ್ಟಕಗಳು, ಚಿತ್ರಗಳು. ಆಮೇಲೆ ಚರ್ಚೆಯ ಮೊದಲ ಪ್ಯಾರಾ. ಇಷ್ಟಾದ ಮೇಲೆ ಒಂದು ಲೋಟ ಚಹಾ ಕುಡಿದು ಬಂದು ಪೂರ್ತಿ ಓದಿ. ಎರಡನೆಯ ಓದಿನಲ್ಲಿ ಪೆನ್ಸಿಲ್ ಇರಲಿ: ಅರ್ಥವಾಗದ ಪದಕ್ಕೆ ಒಂದು ಗುರುತು, ಲೇಖಕರು ತಾವಾಗಿಯೇ ವಿವರಿಸಿದ ಪದಕ್ಕೆ ಇನ್ನೊಂದು. ಈ ಎರಡು ಗುರುತುಗಳು ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ.

## ಓದುಗ ಯಾರು

ಓದುಗ ಯಾರೆಂದು ಲೇಖನದಲ್ಲಿ ಎಲ್ಲಿಯೂ ಬರೆದಿಲ್ಲವಲ್ಲ. ಊಹಿಸಿ ಬರೆಯಬೇಕೇ?

ಊಹೆ ಬೇಡ, ಸುಳಿವು ಇದೆ. ನಮ್ಮ ಭಾಗದ್ದೇ ಒಂದು ಲೇಖನವನ್ನು ಹಿಡಿದು ತೋರಿಸುತ್ತೇನೆ; ಈ ಪುಟದಲ್ಲಿ ಮುಂದೆಯೂ ಅದಕ್ಕೇ ಮರಳುತ್ತೇನೆ.

2006ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ದಿ ಲ್ಯಾನ್ಸೆಟ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗದ ವರದಿ ಬಂತು. ಹೆರಿಗೆಯಾದ ಮೇಲೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸಿದರೆ ಅತಿಯಾದ ರಕ್ತಸ್ರಾವವನ್ನು ತಪ್ಪಿಸಬಹುದೇ ಎಂಬುದು ಪ್ರಶ್ನೆ. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ 1620 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 812 ಮಂದಿಗೆ ಔಷಧ, 808 ಮಂದಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಹರಿದ ರಕ್ತವನ್ನು ಅಳೆದವರು 25 ಮಂದಿ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಸಿಸ್ಟರ್‌ಗಳು.

ಈಗ ಸುಳಿವುಗಳನ್ನು ಹುಡುಕೋಣ. ಶೀರ್ಷಿಕೆಯಲ್ಲಿ "ಸಂಪನ್ಮೂಲ ಕಡಿಮೆ ಇರುವ ಸಮುದಾಯಗಳು" ಎಂಬ ಅರ್ಥದ ಪದಗುಚ್ಛ ಇದೆ. ಸವದತ್ತಿಯ ಯಾವ ಬಾಣಂತಿಯೂ ತನ್ನನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಅದು ದೂರದಲ್ಲಿ ಕುಳಿತು ಅನೇಕ ದೇಶಗಳನ್ನು ಒಟ್ಟಿಗೆ ನೋಡುವವರ ಭಾಷೆ. ಅಬ್‌ಸ್ಟ್ರಾಕ್ಟ್‌ನಲ್ಲಿ ಬೆಳಗಾವಿಯ ಹೆಸರೇ ಇಲ್ಲ, "ಗ್ರಾಮೀಣ ಭಾರತ" ಎಂದಿದೆ. ನಮಗೆ ಇದು ಸ್ವಲ್ಪ ಚುಚ್ಚುತ್ತದೆ, ಆದರೆ ಲೇಖಕರ ಲೆಕ್ಕ ಸರಿಯಾಗಿದೆ: ಬೇರೆ ದೇಶದ ಓದುಗನಿಗೆ ಊರಿನ ಹೆಸರಿಗಿಂತ ಪರಿಸ್ಥಿತಿಯ ಹೆಸರು ಮುಖ್ಯ. ಕೊನೆಯ ವಾಕ್ಯದಲ್ಲಿ ಔಷಧದ ನಾಲ್ಕು ಗುಣಗಳನ್ನು ಹೇಳುತ್ತಾರೆ: ಬೆಲೆ ಕಡಿಮೆ, ಕೊಡುವುದು ಸುಲಭ, ಕೆಡುವುದಿಲ್ಲ, ಸುರಕ್ಷಿತ. ಮೊದಲ ಮೂರು ಹೆರಿಗೆ ಕೋಣೆಯ ವೈದ್ಯರನ್ನು ಕಾಡುವ ವಿಷಯಗಳಲ್ಲ, ಜಿಲ್ಲೆಗೋ ದೇಶಕ್ಕೋ ಔಷಧ ಖರೀದಿಸುವವರನ್ನು ಕಾಡುವ ವಿಷಯಗಳು. ಹಾಗಾಗಿ ಈ ಲೇಖನದ ಮೊದಲ ಓದುಗ ಪ್ರಸೂತಿ ಸಂಶೋಧಕನಾದರೂ, ಲೇಖಕರ ಕಣ್ಣು ಇರುವುದು ಆರೋಗ್ಯ ನೀತಿ ರೂಪಿಸುವವರ ಮೇಲೆ. ಹೀಗೆ ಪದ ತೋರಿಸಿ ಹೇಳಿದರೆ ಅದು ಊಹೆಯಲ್ಲ, ಪುರಾವೆ.

ಪೆನ್ಸಿಲ್ ಗುರುತುಗಳು ನೆನಪಿವೆಯೇ? ವಿವರಿಸದೆ ಬಿಟ್ಟ ಪದಗಳು ಓದುಗನಿಗೆ ಏನು ಗೊತ್ತಿದೆ ಎಂದು ಹೇಳುತ್ತವೆ, ವಿವರಿಸಿದ ಪದಗಳು ಏನು ಗೊತ್ತಿಲ್ಲ ಎಂದು. ಸಾಪೇಕ್ಷ ಅಪಾಯ (ಒಂದು ಗುಂಪಿನ ಅಪಾಯ ಇನ್ನೊಂದರದ್ದರ ಎಷ್ಟು ಪಾಲು ಎಂಬ ಲೆಕ್ಕ) ಎಂದರೇನೆಂದು ಈ ಲೇಖಕರು ಅಬ್‌ಸ್ಟ್ರಾಕ್ಟ್‌ನಲ್ಲಿ ಯಾರಿಗೂ ಪಾಠ ಮಾಡುವುದಿಲ್ಲ.

"ಸಂಶೋಧಕರು, ವಿದ್ಯಾರ್ಥಿಗಳು ಹಾಗೂ ಸಾಮಾನ್ಯ ಓದುಗರು" ಎಂದು ಬರೆದರೆ ಸಾಲದೇ?

ಸಾಲದು. ಎಲ್ಲರಿಗೂ ಎಂದರೆ ಯಾರಿಗೂ ಅಲ್ಲ. "ಸಾಮಾನ್ಯ ಓದುಗ" ಎಂಬ ಪದ ಕಂಡರೆ ನಾನು ಪಕ್ಕದಲ್ಲಿ "ಯಾವ ಓಣಿಯವನು?" ಎಂದು ಬರೆಯುತ್ತೇನೆ.

ನಮ್ಮ ಬಾಗಲಕೋಟೆಯ ದಾಳಿಂಬೆಯ ಬಗ್ಗೆ ಬರೆದ ಲೇಖನ ದಾಳಿಂಬೆ ಬೆಳೆಯುವ ನಮ್ಮ ಅಪ್ಪನಿಗೇ ಅರ್ಥವಾಗುವುದಿಲ್ಲ. ಅದು ಕೆಟ್ಟ ಬರವಣಿಗೆ ಅಲ್ಲವೇ?

ಈ ಪ್ರಶ್ನೆಯಲ್ಲಿ ಸಿಟ್ಟು ಇದೆ, ಆ ಸಿಟ್ಟು ನ್ಯಾಯವಾದದ್ದು. ಆದರೆ ಗುರಿ ತಪ್ಪಿದೆ.

ದಾಳಿಂಬೆಯ ದುಂಡಾಣು ಅಂಗಮಾರಿ ರೋಗವನ್ನೇ ತೆಗೆದುಕೊಳ್ಳಿ. ರೋಗ ತರುವ ಬ್ಯಾಕ್ಟೀರಿಯಾ ಕ್ಸಾಂತೊಮೊನಾಸ್ ಕುಲದ್ದು. ಅದರ ತಳಿಗಳು ಒಂದಕ್ಕೊಂದು ಹೇಗೆ ಭಿನ್ನ ಎಂದು ಸಸ್ಯರೋಗ ತಜ್ಞರಿಗೆ ಬರೆಯುವವನು ಆ ಹೆಸರನ್ನು ಪೂರ್ತಿಯಾಗಿ ಹೇಳಲೇಬೇಕು, ಯಾವ ಪೋಷಕ ಮಾಧ್ಯಮದಲ್ಲಿ ಬೆಳೆಸಿದೆ ಎಂದೂ ಹೇಳಬೇಕು. ನಿಮ್ಮ ತಂದೆಯವರಿಗೆ ಬೇಕಾದದ್ದು ಬೇರೆ: ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಚುಕ್ಕೆ ಕಂಡರೆ ಏನು ಮಾಡಬೇಕು, ಕತ್ತರಿಸಿದ ಟೊಂಗೆಗಳನ್ನು ತೋಟದಲ್ಲೇ ಬಿಡಬಹುದೇ, ಯಾವ ಹಂಗಾಮಿನ ಬೆಳೆ ಬಿಡುವುದು ಲೇಸು. ಎರಡನ್ನೂ ಒಂದೇ ಲೇಖನ ಮಾಡಹೊರಟರೆ ಎರಡೂ ಕೆಡುತ್ತವೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ಇದೆ. ಅಂಥ ಕಡೆಗಳಲ್ಲಿ ಸಂಶೋಧನೆಯನ್ನೂ ವಿಸ್ತರಣೆಯನ್ನೂ (ಸಂಶೋಧನೆಯನ್ನು ರೈತರಿಗೆ ತಲುಪಿಸುವುದನ್ನೂ) ಎರಡು ಬೇರೆ ಕೆಲಸಗಳಾಗಿ ಇಟ್ಟಿರುವುದೇ ಈ ಕಾರಣಕ್ಕೆ.

ಹಾಗಾಗಿ "ರೈತರಿಗೆ ಅರ್ಥವಾಗುವುದಿಲ್ಲ" ಎಂಬುದು ಲೇಖನದ ಬರವಣಿಗೆಯ ದೋಷವಲ್ಲ. ಆದರೆ ಲೇಖನ ತಾನೇ ಕೊನೆಯಲ್ಲಿ "ಇದು ರೈತರಿಗೆ ನೇರವಾಗಿ ಉಪಯುಕ್ತ" ಎಂದು ಹೇಳಿಕೊಂಡಿದ್ದು, ಎಷ್ಟು ಲೀಟರ್ ನೀರಿಗೆ ಎಷ್ಟು ಗ್ರಾಂ ಎಂಬ ಒಂದು ಸಾಲು ಕೂಡ ಇಲ್ಲದಿದ್ದರೆ? ಆಗ ಹಿಡಿಯಿರಿ. ಅದು ಲೇಖನವೇ ಕೊಟ್ಟ ಮಾತು, ಲೇಖನವೇ ತಪ್ಪಿದ ಮಾತು.

## ಉದ್ದೇಶ

ಉದ್ದೇಶವನ್ನು ಮೊದಲ ಪುಟದಲ್ಲೇ "ನಮ್ಮ ಗುರಿ ಇದು" ಎಂದು ಬರೆದಿರುತ್ತಾರೆ. ಅದನ್ನೇ ಕನ್ನಡಕ್ಕೆ ತಂದರೆ ಆಯಿತಲ್ಲ?

ಅದು ಅಧ್ಯಯನದ ಉದ್ದೇಶ. ನಾನು ಕೇಳಿದ್ದು ಲೇಖನದ ಉದ್ದೇಶ. ಬೆಳಗಾವಿಯ ಅಧ್ಯಯನ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ನಡೆಯಿತು. ಲೇಖನ ಬರೆಯುವ ಹೊತ್ತಿಗೆ ಅವರಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದ ಉತ್ತರವನ್ನು ಬರೆದದ್ದು ಓದುಗನಿಂದ ಏನನ್ನೋ ಬಯಸಿ.

ಪೀಠಿಕೆಯಲ್ಲಿ ಇದನ್ನು ಹಿಡಿಯಲು ಒಂದು ದಾರಿ ಇದೆ. ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರವಾಗಿ ತೋರಿಸಿದಂತೆ, ಸಂಶೋಧನಾ ಲೇಖನದ ಪೀಠಿಕೆ ಹೆಚ್ಚಾಗಿ ಮೂರು ಹೆಜ್ಜೆ ಇಡುತ್ತದೆ: ಈ ಕ್ಷೇತ್ರ ಮಹತ್ವದ್ದು ಎನ್ನುತ್ತದೆ, ಅದರಲ್ಲಿ ಒಂದು ಖಾಲಿ ಜಾಗ ಇದೆ ಎನ್ನುತ್ತದೆ, ಆ ಜಾಗಕ್ಕೆ ನಾವು ಬಂದಿದ್ದೇವೆ ಎನ್ನುತ್ತದೆ. ಹೊಲದ ಬದುವಿನ ಜಗಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯ ಹೆಜ್ಜೆಯಲ್ಲೇ ಉದ್ದೇಶ ಅಡಗಿರುತ್ತದೆ. ಬೆಳಗಾವಿಯ ಲೇಖನ ಹೇಳುವುದು ಹೀಗೆ: ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್‌ನಂಥ ಪರಿಣಾಮಕಾರಿ ಔಷಧಗಳು ಇವೆ, ಆದರೆ ಮನೆಯಲ್ಲೇ ಹೆರಿಗೆಗಳು ನಡೆಯುವ ಕಡೆ ಅವು ಕೈಗೆಟುಕುವುದಿಲ್ಲ. ಆಕ್ಸಿಟೋಸಿನ್ ಚುಚ್ಚುಮದ್ದು, ತಂಪಿನಲ್ಲಿ ಇಡಬೇಕು. ಕರೆಂಟ್ ಹೋದ ಊರಿನಲ್ಲಿ ಅದರ ಗತಿ ಏನೆಂದು ನಮಗೆ ಗೊತ್ತು. ಅಂದರೆ ಲೇಖನ ತೋರಿಸುವ ಖಾಲಿ ಜಾಗ ಜ್ಞಾನದಲ್ಲಿ ಮಾತ್ರವಲ್ಲ, ವ್ಯವಸ್ಥೆಯಲ್ಲೂ ಇದೆ. ಆದ್ದರಿಂದ ಉದ್ದೇಶ ಕೇವಲ ತಿಳಿಸುವುದಲ್ಲ, "ಇದನ್ನು ಬಳಕೆಗೆ ತನ್ನಿ" ಎಂದು ಒಪ್ಪಿಸುವುದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದೇ ಲೇಖನದಿಂದ ಹಾಗಾಯಿತು ಎನ್ನಲಾಗದು, ಆದರೆ ಲೇಖನ ಮುಖ ಮಾಡಿದ್ದ ದಿಕ್ಕು ಅದೇ.

ಲೇಖಕರ ನಿಜವಾದ ಉದ್ದೇಶ ಬಡ್ತಿ. ಹಾಗೆಂದು ಬರೆಯಬಹುದೇ?

ತರಗತಿ ನಗುತ್ತದೆ, ನಾನೂ ನಗುತ್ತೇನೆ. ಬರೆಯಬೇಡಿ. ಬಡ್ತಿ ಬರೆದವರ ಪ್ರೇರಣೆ. ಉದ್ದೇಶ ಪುಟದ ಮೇಲೆ ಕಾಣಬೇಕು. ಬಡ್ತಿಗಾಗಿ ಬರೆದ ಒಳ್ಳೆಯ ಲೇಖನಗಳೂ ಇವೆ, ಜ್ಞಾನದಾಹದಿಂದ ಬರೆದ ಸಾರವಿಲ್ಲದ ಲೇಖನಗಳೂ ಇವೆ.

ಒಂದು ಅಪವಾದ: ಹಣ ಪಡೆದು, ಯಾರೂ ಓದಿ ನೋಡದೆ ಅಚ್ಚು ಹಾಕುವ ಪತ್ರಿಕೆಗಳು. ಅಲ್ಲಿನ ಲೇಖನಕ್ಕೆ ಓದುಗನೇ ಇಲ್ಲ; ಇದ್ದರೆ ಆಯ್ಕೆ ಸಮಿತಿಯ ಮುಂದೆ ಪುಟ ಎಣಿಸುವ ಗುಮಾಸ್ತ. ಅದು ಬರವಣಿಗೆಯಲ್ಲೇ ಗೊತ್ತಾಗುತ್ತದೆ: ಪೀಠಿಕೆ ಯಾವ ವಿಷಯಕ್ಕಾದರೂ ಹೊಂದುವಂತಿರುತ್ತದೆ, ಖಾಲಿ ಜಾಗ ತೋರಿಸುವ ಹೆಜ್ಜೆ ಇರುವುದಿಲ್ಲ, ತೀರ್ಮಾನಕ್ಕೂ ಕೋಷ್ಟಕಕ್ಕೂ ಸಂಬಂಧ ಇರುವುದಿಲ್ಲ. ವಿಶ್ಲೇಷಣೆಗೆ ಅಂಥದ್ದನ್ನು ಆರಿಸಬೇಡಿ.

## ಬರವಣಿಗೆ ಕೆಲಸ ಮಾಡಿತೇ

"ಲೇಖನ ಸರಳವಾಗಿದೆ, ಪರಿಣಾಮಕಾರಿಯಾಗಿದೆ" ಎಂದು ಬರೆದರೆ "ಹೇಗೆ?" ಎಂದು ಕೇಳುತ್ತೀರಿ. ಹೇಗೆಂದು ಹೇಗೆ ತೋರಿಸುವುದು?

ಮೂರು ಕಡೆ ನೋಡಿ: ಸಂಖ್ಯೆ, ಕ್ರಿಯಾಪದ, ತೀರ್ಮಾನ.

ಸಂಖ್ಯೆ. ಬೆಳಗಾವಿಯ ಪ್ರಯೋಗದಲ್ಲಿ ಅತಿ ರಕ್ತಸ್ರಾವ ಶೇ 12.0 ರಿಂದ ಶೇ 6.4ಕ್ಕೆ ಇಳಿಯಿತು. ಲೇಖಕರು ಅಷ್ಟಕ್ಕೇ ನಿಲ್ಲದೆ, ಮಾತ್ರೆ ಪಡೆದ ಪ್ರತಿ 18 ಮಹಿಳೆಯರಲ್ಲಿ ಒಂದು ಅತಿ ರಕ್ತಸ್ರಾವ ತಪ್ಪಿತು ಎಂದೂ ಹೇಳಿದರು. ನೀವೇ ಲೆಕ್ಕ ಹಾಕಿ: ವ್ಯತ್ಯಾಸ 5.6, ನೂರನ್ನು 5.6ರಿಂದ ಭಾಗಿಸಿದರೆ ಸುಮಾರು 18. ಲೆಕ್ಕ ಕೂಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಶೇಕಡಾವಾರನ್ನು ಮನುಷ್ಯರ ಎಣಿಕೆಗೆ ತಂದದ್ದು ಬರವಣಿಗೆಯ ಜಾಣ್ಮೆ. ಎಷ್ಟು ಮಾತ್ರೆ ಕೊಂಡರೆ ಎಷ್ಟು ಫಲ ಎಂದು ಕೇಳುವ ಓದುಗನಿಗೆ ಬೇಕಾದ ರೂಪ ಅದೇ. ಓದುಗನನ್ನು ಮೊದಲೇ ಗುರುತಿಸಿದ್ದರಿಂದ ಈ ಒಂದು ವಾಕ್ಯದ ಬೆಲೆ ನಮಗೆ ತಿಳಿಯಿತು.

ಅದೇ ಲೇಖನದಲ್ಲಿ ತೀವ್ರ ರಕ್ತಸ್ರಾವ ಶೇ 1.2 ರಿಂದ ಶೇ 0.2ಕ್ಕೆ ಇಳಿದ ಮಾತೂ ಇದೆ. ಕೇಳಲು ಇದು ಇನ್ನೂ ದೊಡ್ಡ ಗೆಲುವು. ಆದರೆ ಎಣಿಸಿದರೆ 808ರಲ್ಲಿ ಸುಮಾರು ಹತ್ತು ಮಂದಿ, 812ರಲ್ಲಿ ಸುಮಾರು ಇಬ್ಬರು. ಇಷ್ಟು ಚಿಕ್ಕ ಎಣಿಕೆಯಲ್ಲಿ ಒಬ್ಬಿಬ್ಬರು ಅತ್ತಿತ್ತ ಆದರೂ ಶೇಕಡಾವಾರು ಜಿಗಿಯುತ್ತದೆ. ಇದನ್ನು ಗಮನಿಸಿ ಬರೆದ ವಿದ್ಯಾರ್ಥಿನಿಗೆ ನಾನು ಪೂರ್ಣ ಅಂಕ ಕೊಟ್ಟಿದ್ದೇನೆ.

ಕ್ರಿಯಾಪದ. ಮಾತ್ರೆ ರಕ್ತಸ್ರಾವವನ್ನು "ಕಡಿಮೆ ಮಾಡಿತು" ಎಂದು ಅಬ್‌ಸ್ಟ್ರಾಕ್ಟ್ ಹೇಳುವುದಿಲ್ಲ. ಕಡಿಮೆಯಾಗುವುದಕ್ಕೂ ಮಾತ್ರೆಗೂ "ಸಂಬಂಧ ಕಂಡಿತು" ಎಂಬ ಅರ್ಥದ ಕ್ರಿಯಾಪದ ಬಳಸುತ್ತದೆ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗದಲ್ಲಿ "ಕಡಿಮೆ ಮಾಡಿತು" ಎನ್ನುವ ಹಕ್ಕು ಲೇಖಕರಿಗೆ ಇತ್ತು. ಹಕ್ಕಿದ್ದೂ ಹಿಂಜರಿದರು. ಇದನ್ನು ವಿನಯ ಎನ್ನುವಿರೋ ಪರಿಶೀಲಕರ ಭಯ ಎನ್ನುವಿರೋ ನಿಮಗೆ ಬಿಟ್ಟದ್ದು, ಆದರೆ ಗಮನಿಸದೆ ಬಿಡಬೇಡಿ.

ತೀರ್ಮಾನ. ಇಡೀ ಅಬ್‌ಸ್ಟ್ರಾಕ್ಟ್ ಹೀಗೆ ಎಚ್ಚರಿಕೆಯಿಂದ ನಡೆದು ಕೊನೆಯ ವಾಕ್ಯದಲ್ಲಿ "ಒಳ್ಳೆಯ ಆಯ್ಕೆ" ಎಂದುಬಿಡುತ್ತದೆ. ಅದು ಅಳತೆಯಲ್ಲ, ಅಭಿಪ್ರಾಯ. ಲ್ಯಾನ್ಸೆಟ್ ಆ ಭಾಗಕ್ಕೆ "ವ್ಯಾಖ್ಯಾನ" ಎಂಬ ಅರ್ಥದ ತಲೆಬರಹ ಕೊಡುವುದರಿಂದ ಅಲ್ಲಿ ಅಭಿಪ್ರಾಯಕ್ಕೆ ಜಾಗ ಇದೆ. ಚಳಿ, ಜ್ವರ ಹೆಚ್ಚಾದದ್ದನ್ನೂ ಅದಕ್ಕೆ ಮೊದಲೇ ಹೇಳಿದ್ದಾರೆ, ಮುಚ್ಚಿಟ್ಟಿಲ್ಲ. ನನ್ನ ತೀರ್ಪು: ಉದ್ದೇಶಿತ ಓದುಗನ ಮಟ್ಟಿಗೆ ಬರವಣಿಗೆ ಗೆದ್ದಿದೆ.

ಎಲ್ಲ ಲೇಖನಗಳಲ್ಲೂ "ಮಾಡಲಾಯಿತು, ನೋಡಲಾಯಿತು" ಎಂದೇ ಇರುತ್ತದೆ. ಕರ್ಮಣಿ ಪ್ರಯೋಗವನ್ನು ದೋಷ ಎಂದು ಬರೆಯಬಹುದೇ?

ಎಲ್ಲ ಕಡೆಯೂ ಅಲ್ಲ. "ಮಾದರಿಗಳನ್ನು ಒಣಗಿಸಲಾಯಿತು" ಎಂದರೆ ಯಾರು ಒಣಗಿಸಿದರೂ ಒಂದೇ. ಆದರೆ "ಆರು ಮಾದರಿಗಳನ್ನು ಕೈಬಿಡಲಾಯಿತು" ಎಂದರೆ ಕೈಬಿಟ್ಟವರು ಯಾರು, ಏಕೆ ಎಂದು ಕೇಳಲೇಬೇಕು. ನಿರ್ಧಾರ ಇರುವ ಕಡೆ ಕರ್ತೃ ಕಾಣೆಯಾದರೆ ದೋಷ.

ನಾನು ಎಂ.ಎ. ಎರಡನೆಯ ಸೆಮಿಸ್ಟರ್. ದೊಡ್ಡ ಪತ್ರಿಕೆಯಲ್ಲಿ ಬರೆದವರನ್ನು ಟೀಕಿಸಲು ನಾನು ಯಾರು?

ನೀವು ಓದಿದವರು, ಅಷ್ಟು ಸಾಕು. ವಿಷಯದಲ್ಲಿ ಅವರು ದೊಡ್ಡವರೇ. "ಪ್ರಯೋಗವೇ ತಪ್ಪು" ಎಂದು ನೀವು ಹೇಳಬೇಕಿಲ್ಲ. ಶೀರ್ಷಿಕೆ ಕೊಟ್ಟ ಮಾತನ್ನು ತೀರ್ಮಾನ ಉಳಿಸಿಕೊಂಡಿತೇ ಎಂದು ಹೇಳಲು ಡಾಕ್ಟರೇಟ್ ಬೇಕಾಗಿಲ್ಲ.

## ಇನ್ನೂ ಮುಂದೆ ಹೋಗುವವರಿಗೆ

ನಾನು ಇತಿಹಾಸದ ವಿದ್ಯಾರ್ಥಿ. ಶಾಸನದ ಲೇಖನಗಳಲ್ಲಿ ವಿಧಾನ, ಫಲಿತಾಂಶ ಎಂಬ ಭಾಗಗಳೇ ಇಲ್ಲ. ಹೇಗೆ ವಿಶ್ಲೇಷಿಸಲಿ?

ಮನೆಯ ವಿನ್ಯಾಸ ಬೇರೆ, ವಿಶ್ಲೇಷಣೆ ಅದೇ. ಐಹೊಳೆಯ ಮೇಗುತಿ ಗುಡಿಯ ಶಾಸನ ನಿಮಗೆ ಗೊತ್ತಿದೆ: ಕ್ರಿ.ಶ. 634, ಇಮ್ಮಡಿ ಪುಲಕೇಶಿಯ ಹೊಗಳಿಕೆ, ರಚಿಸಿದವನು ರವಿಕೀರ್ತಿ. ಇದನ್ನು ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಮೇಲೆ ಜರ್ಮನಿಯ ಸಂಸ್ಕೃತ ವಿದ್ವಾಂಸ ಕೀಲ್‌ಹಾರ್ನ್ ಶಾಸನಗಳ ಪತ್ರಿಕೆ ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು.

ಒಮ್ಮೆ ಅಚ್ಚಾದದ್ದನ್ನು ಮತ್ತೆ ಏಕೆ ಅಚ್ಚು ಹಾಕಬೇಕು? ಈ ಪ್ರಶ್ನೆಯೇ ಉದ್ದೇಶದ ಬಾಗಿಲು. ಮರುಸಂಪಾದನೆ ಎಂದರೆ ಹಿಂದಿನ ಓದನ್ನು ತಿದ್ದುವ ಕೆಲಸ. ಹಾಗಾದರೆ ಮೊದಲ ಓದುಗರು ಫ್ಲೀಟ್ ಅವರ ಪಾಠವನ್ನು ಈಗಾಗಲೇ ಬಲ್ಲವರು, ಒಂದು ಅಕ್ಷರ ಬದಲಾದರೆ ಅರ್ಥ ಎಷ್ಟು ಬದಲಾಗುತ್ತದೆ ಎಂದು ತಿಳಿದ ಸಂಸ್ಕೃತಜ್ಞರು. ಐಹೊಳೆಯ ಊರವರು ಆ ಲೇಖನದ ಓದುಗರಾಗಿರಲಿಲ್ಲ. ಇಲ್ಲಿ ಬರವಣಿಗೆಯ ಫಲವನ್ನು ಅಳೆಯಬೇಕಾದದ್ದು ಮೂಲಪಾಠ, ಟಿಪ್ಪಣಿ, ಅನುವಾದಗಳನ್ನು ಸಂಪಾದಕನ ಅಭಿಪ್ರಾಯದಿಂದ ಎಷ್ಟು ಸ್ಪಷ್ಟವಾಗಿ ಬೇರೆ ಇಟ್ಟಿದ್ದಾರೆ ಎಂಬುದರಿಂದ. ಓದುಗ ಒಪ್ಪದಿದ್ದರೆ ತಾನೇ ಮೂಲಕ್ಕೆ ಹೋಗಿ ನೋಡಲು ದಾರಿ ಇರಬೇಕು.

ರವಿಕೀರ್ತಿಯ ಶಾಸನವನ್ನೂ ಇದೇ ಪ್ರಶ್ನೆಗಳಿಂದ ನೋಡಬಹುದು. ದೊರೆಯನ್ನು ಹೊಗಳಿ ಮುಗಿಸುವ ಹೊತ್ತಿಗೆ ತನ್ನ ಕೀರ್ತಿ ಕಾಳಿದಾಸ ಭಾರವಿಯರಿಗೆ ಸಮ ಎಂದು ಕೆತ್ತಿಸಿಕೊಂಡವನು ಆತ. ಅಂಥ ಲೇಖಕನ ಉದ್ದೇಶ ಒಂದೇ ಇತ್ತು ಎಂದು ಬರೆಯಲು ಯಾರಿಗೂ ಧೈರ್ಯ ಬರಲಿಕ್ಕಿಲ್ಲ.

ಚೆನ್ನಾಗಿ ಬರೆದ ಲೇಖನ ಸುಳ್ಳಾಗಿದ್ದರೆ? ಬರವಣಿಗೆಯ ವಿಶ್ಲೇಷಣೆಯಿಂದ ಅದು ಗೊತ್ತಾಗುತ್ತದೆಯೇ?

ಪೂರ್ತಿ ಗೊತ್ತಾಗುವುದಿಲ್ಲ. 1998ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ 12 ಮಕ್ಕಳ ಬಗ್ಗೆ ಒಂದು ಲೇಖನ ಬಂತು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಜಗತ್ತಿನಲ್ಲಿ ಹರಡಿದ್ದು ಅದರಿಂದ. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. ಸೋಜಿಗವೆಂದರೆ, ಲಸಿಕೆಗೂ ಕಾಯಿಲೆಗೂ ಸಂಬಂಧವನ್ನು ಸಾಬೀತು ಮಾಡಿಲ್ಲ ಎಂದು ಲೇಖನ ತಾನೇ ಬಾಯಿಬಿಟ್ಟು ಹೇಳಿತ್ತು. ಆದರೆ 12ರಲ್ಲಿ 8 ಮಕ್ಕಳ ಲಕ್ಷಣಗಳನ್ನು ಪಾಲಕರು ಲಸಿಕೆಗೆ ಜೋಡಿಸಿದ್ದರು ಎಂಬ ಮಾತನ್ನು ಅಬ್‌ಸ್ಟ್ರಾಕ್ಟ್‌ನ ಫಲಿತಾಂಶಗಳ ಸಾಲಿನಲ್ಲೇ ಇಟ್ಟಿತ್ತು. ಪಾಲಕರ ನೆನಪು ಫಲಿತಾಂಶದ ಕುರ್ಚಿಯಲ್ಲಿ ಕೂತದ್ದನ್ನು ಎಚ್ಚರದ ಓದುಗ ಆಗಲೇ ಹಿಡಿಯಬಹುದಿತ್ತು. ಮಕ್ಕಳ ದಾಖಲೆಗಳನ್ನೇ ತಿರುಚಿದ್ದರು ಎಂಬುದನ್ನು ಮಾತ್ರ ಯಾವ ವಾಕ್ಯವಿಶ್ಲೇಷಣೆಯೂ ತೋರಿಸುತ್ತಿರಲಿಲ್ಲ; ಅದಕ್ಕೆ ಪತ್ರಕರ್ತರೊಬ್ಬರು ವರ್ಷಗಟ್ಟಲೆ ಕಡತ ತಿರುವಬೇಕಾಯಿತು.

ಎಐಗೆ ಲೇಖನ ಕೊಟ್ಟರೆ ಓದುಗ, ಉದ್ದೇಶ ಎಲ್ಲವನ್ನೂ ಒಂದೇ ನಿಮಿಷದಲ್ಲಿ ಬರೆದುಕೊಡುತ್ತದೆ. ತಪ್ಪೇನು?

ಕಷ್ಟದ ಪದ ಬಿಡಿಸಿಕೊಳ್ಳಲು ಬಳಸಿ, ನನ್ನ ಅಭ್ಯಂತರವಿಲ್ಲ. ವಿಶ್ಲೇಷಣೆ ಬರೆಸಿದರೆ ನನಗೆ ಬರುವುದು "ಸಂಶೋಧಕರು, ನೀತಿ ನಿರೂಪಕರು ಹಾಗೂ ಸಾಮಾನ್ಯ ಓದುಗರು". ಮೂವತ್ತು ಉತ್ತರ ಪತ್ರಿಕೆಗಳಲ್ಲಿ ಇದೇ ಸಾಲು ಇದೇ ಕ್ರಮದಲ್ಲಿ ಬಂದ ವರ್ಷವೂ ಇತ್ತು. ಅದು ಉಲ್ಲೇಖಿಸುವ ವಾಕ್ಯ ಕೆಲವೊಮ್ಮೆ ಲೇಖನದಲ್ಲಿ ಇರುವುದೇ ಇಲ್ಲ. ನಾನು ಪುಟ ತೆರೆದು ಹುಡುಕುತ್ತೇನೆ.

ಇಂಗ್ಲಿಷ್ ಲೇಖನದ ವಿಶ್ಲೇಷಣೆಯನ್ನು ಕನ್ನಡದಲ್ಲಿ ಬರೆಯಬಹುದೇ? ಪದಗಳು ಸಿಗುವುದಿಲ್ಲವಲ್ಲ.

ಬರೆಯಬಹುದು. ವಿಜಯಪುರದಲ್ಲಿ ಕುಳಿತು ಈ ಪ್ರಶ್ನೆ ಕೇಳಿದರೆ ನನಗೆ ಫ.ಗು. ಹಳಕಟ್ಟಿಯವರ ನೆನಪಾಗುತ್ತದೆ. ವಚನಗಳ ಸಂಶೋಧನೆಗೆಂದೇ ಅವರು 1926ರಲ್ಲಿ ಇದೇ ಊರಿನಿಂದ ಶಿವಾನುಭವ ಪತ್ರಿಕೆ ಹೊರಡಿಸಿದರು. ವೃತ್ತಿಯಿಂದ ವಕೀಲರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಆದರೂ ಓದುಗ ಯಾರು ಎಂಬ ಪ್ರಶ್ನೆಗೆ ಅವರ ಉತ್ತರ ಪತ್ರಿಕೆಯ ಭಾಷೆಯಲ್ಲೇ ಇತ್ತು.

ಪದಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅಬ್‌ಸ್ಟ್ರಾಕ್ಟ್ ಎಂದೇ ಬರೆಯಿರಿ, ಜರ್ನಲ್ ಎಂದೇ ಬರೆಯಿರಿ. ಲೇಖನದಿಂದ ಎತ್ತಿದ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿ. ತಿರುಗಿಸುವಾಗ ಕ್ರಿಯಾಪದದ ಬಲ ಬದಲಾಗದಂತೆ ನೋಡಿಕೊಳ್ಳಿ: "ಇರಬಹುದು" ಎಂದದ್ದು ನಿಮ್ಮ ಕೈಯಲ್ಲಿ "ಇದೆ" ಆಗಬಾರದು. ಮೂರು ಪುಟ ಮೀರಬೇಡಿ, ಒಂದೇ ಬದಿಗೆ ಬರೆಯಿರಿ, ಎಡಗಡೆ ನನ್ನ ಪೆನ್ಸಿಲಿಗೆ ಸ್ವಲ್ಪ ಜಾಗ ಬಿಡಿ.